ಹೊಯಿಗೆಯ ಅಡಿಯಲ್ಲಿ: ಮಂಜೇಶ್ವರದಿಂದ ವಲಿಯಪರಂಬದವರೆಗೆ

ಹೊರಡುವ ಮೊದಲು

ಕಾಸರಗೋಡಿನ ಕಡಲಿಗೆ ಎಂದರೆ "ಓ, ನೀಲಿ ಬಾವುಟ ಸಿಕ್ಕಿದ ಬೀಚಲ್ವಾ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಹೆಸರು ಹತ್ತಿರ, ಊರು ಬೇರೆ: ಸ್ವಚ್ಛ ಕಡಲತೀರಕ್ಕೆ ಕೊಡುವ ಆ ಅಂತರರಾಷ್ಟ್ರೀಯ ಮಾನ್ಯತೆ 2020ರಲ್ಲಿ ಸಿಕ್ಕಿದ್ದು ಹೊನ್ನಾವರದ ಕಾಸರಕೋಡಿಗೆ, ಜೊತೆಗೆ ಪಡುಬಿದ್ರಿಗೆ. ಈ ದಾರಿ ತಲಪಾಡಿ ಗಡಿಯಿಂದ ತೆಂಕಕ್ಕೆ: ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ, ನೀಲೇಶ್ವರ, ಕೊನೆಗೆ ವಲಿಯಪರಂಬ. ಬಾವುಟ ಇರಲಿ ಇಲ್ಲದಿರಲಿ, ಕಡಲತೀರದ ಜೀವ ಇರುವುದು ಹೊಯಿಗೆಯ, ಅಂದರೆ ಮರಳಿನ, ಅಡಿಯಲ್ಲಿ. ಕುಡಿಯುವ ನೀರು ಅಲ್ಲಿ, ಆಮೆಯ ಮೊಟ್ಟೆ ಅಲ್ಲಿ, ಮರುವಾಯಿ ಎಂಬ ಚಿಪ್ಪುಜೀವಿ ಅಲ್ಲಿ, ಕಕ್ಕಸಿನ ಹೊಂಡವೂ ಅಲ್ಲೇ. ಮೇಲೆ ಬಿಟ್ಟುಹೋದ ಬಾಟಲಿಯನ್ನು ಯಾರಾದರೂ ಹೆಕ್ಕಿಯಾರು. ಕೆಳಗೆ ಇಳಿದದ್ದನ್ನು ಹೆಕ್ಕುವವರಿಲ್ಲ.

ಹಾಗಾಗಿ ಯೋಜನೆಯ ಮುಕ್ಕಾಲು ಪಾಲು ಉಳಿಯುವ ಜಾಗ ಆರಿಸುವುದರಲ್ಲೇ ಮುಗಿಯುತ್ತದೆ. ನಾಲ್ಕು ಬಿದಿರಿನ ಕುರ್ಚಿ ಹಾಕಿದವರೆಲ್ಲ ಈಗ ಇಕೋ ಎಂದು ಬೋರ್ಡು ತೂಗುಹಾಕುತ್ತಾರೆ. ಬೋರ್ಡು ಬಿಟ್ಟು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿದರೆ ಸಾಕು. ನೀರು ಸ್ವಂತ ಬಾವಿಯದೋ ಟ್ಯಾಂಕರಿನದೋ? ಕಕ್ಕಸಿನ ಹೊಂಡ ಬಾವಿಯಿಂದ ಎಷ್ಟು ದೂರ? ರಾತ್ರಿ ಕಡಲಿನ ಕಡೆಗೆ ಮುಖ ಮಾಡಿದ ದೀಪ ಉಂಟೋ? ಕೇರಳದ ಕಟ್ಟಡ ನಿಯಮದಲ್ಲಿ ಇಂಗುಹೊಂಡಕ್ಕೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 7.5 ಮೀಟರ್ ಅಂತರ ಬೇಕು. ಹೊಯಿಗೆ ನೆಲದಲ್ಲಿ ನೀರು ಬೇಗ ಹರಿಯುವುದರಿಂದ ಅದರ ಎರಡು ಪಾಲು ಇದ್ದರೆ ಒಳ್ಳೆಯದು. ಕೆಲವರು ಈ ಪ್ರಶ್ನೆಗಳಿಗೆ "ಎಸಿ ಉಂಟು, ಟಿವಿ ಉಂಟು" ಎಂದೇ ಉತ್ತರಿಸಿದರು. ವಲಿಯಪರಂಬದ ಒಬ್ಬ ಅಮ್ಮ ಮಾತ್ರ "ನಿಲ್ಲಿ, ಅಳೆದು ಹೇಳ್ತೇನೆ" ಎಂದು ಫೋನು ಕೆಳಗಿಟ್ಟು ಹೋಗಿ ಬಂದು, "ಇಪ್ಪತ್ತೆರಡು ಹೆಜ್ಜೆ. ನನ್ನ ಹೆಜ್ಜೆ ಸಣ್ಣದು" ಎಂದರು. ಅಲ್ಲಿಗೆ ಆ ಕೋಣೆ ನಿಶ್ಚಯವಾಯಿತು.

ಅಲೆ ಬಂದು ಮೆಟ್ಟಿಲಿಗೆ ಬಡಿಯುತ್ತದೆ ಎಂದು ಹೆಮ್ಮೆಪಡುವ ಹೊಸ ಕಟ್ಟಡಗಳನ್ನು ಪಟ್ಟಿಯಿಂದ ತೆಗೆಯುವುದೇ ಸರಿ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಜಾಗವನ್ನು ಕಟ್ಟಡವಿಲ್ಲದೆ ಬಿಡಬೇಕೆನ್ನುತ್ತದೆ; ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ 50 ಮೀಟರ್. ಮೊದಲಿನಿಂದಲೂ ಇರುವ ಹಂಚಿನ ಮನೆಯ ಒಂದೆರಡು ಕೋಣೆ ಬಾಡಿಗೆಗೆ ಸಿಕ್ಕಿದರೆ ಅದಕ್ಕಿಂತ ಹಗುರ ವಸತಿ ಬೇರೆ ಇಲ್ಲ.

ಕಾಲ: ನವೆಂಬರಿನಿಂದ ಫೆಬ್ರವರಿ. ಜೂನಿನಿಂದ ಸೆಪ್ಟೆಂಬರಿನ ತನಕ ಕಡಲು ಒರಟು. ಏಪ್ರಿಲ್–ಮೇಯಲ್ಲಿ ಸೆಕೆ ಒಂದು ಕಡೆ, ಕಳ್ಳಕ್ಕಡಲ್ ಇನ್ನೊಂದು ಕಡೆ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆದರೂ ಹಿಂದೂ ಮಹಾಸಾಗರದ ತೆಂಕು ತುದಿಯಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪಯಣಿಸಿ ಬಂದು ದಡ ಹತ್ತುತ್ತದೆ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ, ನೋಡಿಕೊಂಡೇ ಹೊರಡಬೇಕು. ಜನವರಿಯ ವಾರದ ನಡುವಿನ ದಿನಗಳಾದರೆ ಜನವೂ ಕಡಿಮೆ, ಆಮೆಗಳ ಕಾಲವೂ ಹೌದು.

ಚೀಲದಲ್ಲಿ ತಲೆಗೊಂದು ಲೀಟರಿನ ಸ್ಟೀಲ್ ಬಾಟಲಿ, ಮುಚ್ಚಳವಿರುವ ಎರಡು ಡಬ್ಬಿ, ಬಟ್ಟೆ ಚೀಲ, ಬಿಲ್ಲೆ ಸಾಬೂನು, ಕೆಂಪು ಬೆಳಕಿನ ಟಾರ್ಚು. ಸನ್‌ಸ್ಕ್ರೀನಿನ ಬಗ್ಗೆ ತುಂಬ ಚರ್ಚೆ ನಡೆಯುತ್ತದೆ. ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಕ್ರೀಮುಗಳ ಮಾರಾಟವನ್ನು ಹವಾಯಿ ದ್ವೀಪಗಳು 2021ರಿಂದ ನಿಲ್ಲಿಸಿದ್ದು ಹವಳದ ದಿಬ್ಬಗಳ ಕಾಳಜಿಗೆ. ಇದು ಹವಳದ ತೀರವಲ್ಲ. ಆದರೂ ಮೈಗೆಲ್ಲ ಬಳಿದುಕೊಂಡು ನೀರಿಗಿಳಿದರೆ ಅದು ಹೋಗುವುದು ಕಡಲಿಗೇ. ಉದ್ದ ತೋಳಿನ ತೆಳು ಹತ್ತಿ ಅಂಗಿ, ಮೂಗಿಗೂ ಕೆನ್ನೆಗೂ ಮಾತ್ರ ಜಿಂಕ್ ಆಕ್ಸೈಡ್, ಇಷ್ಟೇ ಸಾಕು.

ಮೊದಲ ದಿನ: ಮಂಜೇಶ್ವರ, ಕಣ್ವತೀರ್ಥ

ಹೆದ್ದಾರಿ ಆರು ಪಥವಾದ ಮೇಲೆ ಕಾರಿನವರಿಗೆ ಹಬ್ಬ. ಆದರೆ ಈ ಕರಾವಳಿಗೆ ರೈಲಿನಷ್ಟು ಹೊಂದುವ ವಾಹನ ಇನ್ನೊಂದಿಲ್ಲ. ಹಳಿ ಕಡಲಿಗೆ ಸಮಾನಾಂತರವಾಗಿ ಓಡುತ್ತದೆ. ಮಂಗಳೂರು ಸೆಂಟ್ರಲಿನಿಂದ ಹೊರಟ ಲೋಕಲ್ ಗಾಡಿ ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ ಎಂದು ನಿಲ್ಲುತ್ತ ಹೋಗುತ್ತದೆ. ಎಲ್ಲಿ ಇಳಿದರೂ ಪಡುವಣಕ್ಕೆ ಸ್ವಲ್ಪ ನಡೆದರೆ ನೀರು.

ಮಂಜೇಶ್ವರದಲ್ಲಿ ಇಳಿದವರು ಗೋವಿಂದ ಪೈಗಳ ಮನೆ 'ಗಿಳಿವಿಂಡು' ನೋಡದೆ ಮುಂದೆ ಹೋಗುವುದಿಲ್ಲ. ಅಲ್ಲಿಂದ ಆಟೋದಲ್ಲಿ ಕಣ್ವತೀರ್ಥ. ಇಲ್ಲಿ ದಡದ ಮೇಲ್ಭಾಗದಲ್ಲಿ ಎರಡು ಗಿಡ ಗಮನಿಸಬೇಕು. ಒಂದು ಅಡುಂಬು ಬಳ್ಳಿ, ನೇರಳೆ ಹೂವಿನದು; ಗಂಟುಗಂಟಿಗೆ ಬೇರು ಬಿಟ್ಟು ಹೊಯಿಗೆಯ ಮೇಲೆ ಹರಿದಿರುತ್ತದೆ. ಇನ್ನೊಂದು ರಾವಣನ ಮೀಸೆ, ಮುಟ್ಟಿದರೆ ಚುಚ್ಚುವ ಹುಲ್ಲು. ಗಾಳಿ ಹೊತ್ತು ತಂದ ಹೊಯಿಗೆ ಇವುಗಳ ಬುಡದಲ್ಲಿ ನಿಲ್ಲುತ್ತದೆ, ನಿಂತು ದಿಬ್ಬವಾಗುತ್ತದೆ. ಮಳೆಗಾಲದ ಅಲೆ ಮೊದಲು ಕಡಿಯುವುದು ಆ ದಿಬ್ಬವನ್ನು, ತೋಟವನ್ನಲ್ಲ. ಒಂದು ಜೀಪು ಇದರ ಮೇಲೆ ಹತ್ತಿ ಇಳಿದರೆ ಬಳ್ಳಿಯ ಗಂಟುಗಳು ಕಡಿದು, ಆ ಚಕ್ರದ ಜಾಡಿನಲ್ಲೇ ಮುಂದಿನ ಗಾಳಿಗೆ ಕೊರಕಲು ಶುರು. ನಡೆಯುವವರೂ ಜನ ನಡೆದ ಹಳೆಯ ಜಾಡಿನಲ್ಲೇ ಇಳಿದು, ಆಮೇಲೆ ಅಲೆ ತೋಯಿಸಿದ ಗಟ್ಟಿ ಹೊಯಿಗೆಯ ಮೇಲೆ ನಡೆದರೆ ಕಾಲಿಗೂ ಸುಖ, ಬಳ್ಳಿಗೂ ಸುಖ.

ತೆಂಕಕ್ಕೆ ನಡೆಯುತ್ತ ಹೋದರೆ ನಡುನಡುವೆ ಕರಿಕಲ್ಲು ಪೇರಿಸಿದ ತಡೆಗೋಡೆ. ದೋಣಿಯ ಪಕ್ಕ ಬಲೆ ಹೊಲಿಯುತ್ತಿದ್ದ ಮೊಗವೀರರೊಬ್ಬರು ತಲೆ ಎತ್ತದೆಯೇ ಹೇಳಿದರು: "ಕಲ್ಲು ಹಾಕಿದಲ್ಲಿ ಮನೆ ಉಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ದೋಣಿ ಎಳೆಯಲು ಜಾಗ ಹೋಯಿತು. ಗೋಡೆ ಮುಗಿಯುವಲ್ಲಿ ನೋಡಿ, ಅಲ್ಲಿ ಕಡಲು ಎಷ್ಟು ಒಳಗೆ ಬಂದಿದೆ." ಹೌದು, ಗೋಡೆಗೆ ಬಡಿದ ಅಲೆಯ ಬಲ ಸಾಯುವುದಿಲ್ಲ, ಗೋಡೆಯ ಬುಡದ ಹೊಯಿಗೆಯನ್ನು ಕೆರೆದು, ತುದಿಯಲ್ಲಿ ತಿರುಗಿ ಪಕ್ಕದ ತೀರವನ್ನು ತಿನ್ನುತ್ತದೆ. ಗೋಡೆಯ ಕಲ್ಲುಗಳ ನಡುವೆ ಚಿಪ್ಸಿನ ತೊಟ್ಟೆ, ಗಾಜಿನ ಚೂರು ಸಿಕ್ಕಿಕೊಂಡರೆ ತೆಗೆಯಲು ಯಾರಿಗೂ ಕೈ ಎಟುಕುವುದಿಲ್ಲ. ಕಲ್ಲಿನ ಮೇಲೆ ಕೂತು ತಿನ್ನುವುದನ್ನು ಬಿಡುವುದಕ್ಕೆ ಈ ಒಂದು ಕಾರಣ ಸಾಕು. ಪಾಚಿಗೆ ಜಾರುತ್ತದೆ ಎನ್ನುವುದು ಎರಡನೆಯದು.

ಸಂಜೆ ಕುಂಬಳೆ. ಮೀನು ಮಾರುವ ಅಕ್ಕನ ಬುಟ್ಟಿಯಲ್ಲಿ ಬೂತಾಯಿ (ಸಾರ್ಡಿನ್) ಮಿರುಗುತ್ತಿತ್ತು, ಪಕ್ಕದ ಬುಟ್ಟಿಯಲ್ಲಿ ಬಂಗುಡೆ. ಕೇರಳದಲ್ಲಿ ಹಿಡಿಯಬಹುದಾದ ಕನಿಷ್ಠ ಗಾತ್ರ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಅಳತೆಪಟ್ಟಿ ಬೇಡ: ಮಣಿಕಟ್ಟಿನಿಂದ ನಡುಬೆರಳಿನ ಮಧ್ಯದ ಗೆಣ್ಣಿನ ತನಕ ದೊಡ್ಡವರ ಕೈಯಲ್ಲಿ ಸುಮಾರು 14 ಸೆಂ.ಮೀ. ಬರುತ್ತದೆ. ಅದಕ್ಕಿಂತ ಕಿರಿದಾದ ಬಂಗುಡೆ ಒಮ್ಮೆಯೂ ಮೊಟ್ಟೆಯಿಡದೆ ಬುಟ್ಟಿಗೆ ಬಂದದ್ದು. ಕೈ ಹಿಡಿದು ಅಳೆಯುವುದನ್ನು ನೋಡಿ ಅಕ್ಕ ನಕ್ಕು, ಮೂಲೆಯ ಸಣ್ಣ ರಾಶಿಯನ್ನು ತಾನೇ ಆಚೆ ಸರಿಸಿದರು. "ಅದು ಕೋಳಿಗೆ ಹಾಕುವವರು ಕೊಂಡುಹೋಗ್ತಾರೆ. ನೀವು ಇದನ್ನು ತೆಕ್ಕೊಳ್ಳಿ." ಡಬ್ಬಿ ಮುಂದೆ ಹಿಡಿದರೆ ಪ್ಲಾಸ್ಟಿಕ್ ತೊಟ್ಟೆಯ ಮಾತೇ ಇಲ್ಲ; ಎರಡು ಮೀನು ಹೆಚ್ಚೂ ಬಿತ್ತು. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಇಲ್ಲಿ ಯಾಂತ್ರಿಕ ಟ್ರಾಲಿಂಗ್, ಅಂದರೆ ದೊಡ್ಡ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಆ ಸಮಯದಲ್ಲಿ ಹೋಟೆಲಿನಲ್ಲಿ ದೊಡ್ಡ ಅಂಜಲ್ ಕೇಳಿದರೆ ಸಿಗುವುದು ಹೆಚ್ಚಾಗಿ ಐಸಿನಲ್ಲಿ ಮಲಗಿ ದೂರದಿಂದ ಬಂದದ್ದು.

ಎರಡನೆಯ ದಿನ: ಅಳಿವೆ, ಕಾಂಡ್ಲ, ಕಾಸರಗೋಡು ಪೇಟೆ

ಕುಂಬಳೆ ಎಂದರೆ ಯಕ್ಷಗಾನದವರಿಗೆ ಪಾರ್ತಿಸುಬ್ಬನ ಊರು. ಹಕ್ಕಿ ನೋಡುವವರಿಗೆ ಅಳಿವೆಯ ಊರು. ಬೆಳಿಗ್ಗೆ ಜಲ್ಲೆ ಊರುವ ಸಣ್ಣ ದೋಣಿಯಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ನಡುವೆ ಹೋದೆವು. ಇಂಜಿನ್ ಇಲ್ಲದ ದೋಣಿ ಆರಿಸಲು ಕಾರಣ ಸದ್ದು ಒಂದೇ ಅಲ್ಲ. ಇಂಜಿನಿನ ತಿರುಗಾಟಕ್ಕೆ ಕೆಸರು ಎದ್ದು, ಏಳುವ ಅಲೆಗೆ ಕಾಂಡ್ಲದ ಎಳೆ ಸಸಿಗಳ ಬುಡ ಸಡಿಲಾಗುತ್ತದೆ. ಕೆಸರಿನಿಂದ ಮೇಲೆದ್ದ ಗೇಣುದ್ದದ ಬೇರುಗಳು ಉಸಿರಾಡುವ ಬೇರುಗಳು; ದೋಣಿ ಇಳಿದು ಫೋಟೋಕ್ಕಾಗಿ ಅವುಗಳ ಮೇಲೆ ನಡೆದರೆ ಮುರಿಯುತ್ತವೆ.

ಹಿಂದೆ ಬರುವಾಗ ದೋಣಿ ಕೆಸರಿಗೆ ಕೂತುಬಿಟ್ಟಿತು. ಅಮಾವಾಸ್ಯೆ ಕಳೆದು ಎರಡೇ ದಿನ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಏರುತ್ತದೆ, ಇಳಿತವೂ ಹೆಚ್ಚು ಇಳಿಯುತ್ತದೆ. ದೋಣಿಯವರು ಒಂದಿಷ್ಟೂ ಗಾಬರಿಯಾಗದೆ ಜಲ್ಲೆ ಮಲಗಿಸಿ, "ಇನ್ನು ಒಂದು ಗಂಟೆ ಮಾತಾಡುವ" ಎಂದು ಬೀಡಿ ಹಚ್ಚಿದರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆ ಆರಕ್ಕೆ ನೀರು ತುಂಬಿದ್ದರೆ ಇವತ್ತು ಏಳಕ್ಕೆ ಹತ್ತು ನಿಮಿಷ ಇರುವಾಗ. ಉಬ್ಬರ ಏರುತ್ತಿರುವಾಗ ಹೊರಟು, ಇಳಿಯಲು ಶುರುವಾಗುವ ಮೊದಲು ದಡ ಸೇರಬೇಕು. ಬೆಳಗಿನ ತಿಂಡಿಯ ಹೊತ್ತನ್ನು ಅದಕ್ಕೆ ಹೊಂದಿಸಬೇಕೇ ಹೊರತು ಉಬ್ಬರ ನಮ್ಮ ತಿಂಡಿಗೆ ಹೊಂದುವುದಿಲ್ಲ.

ಕೂತ ಆ ಒಂದು ಗಂಟೆಯಲ್ಲಿ ಕಂಡದ್ದು ಮರುವಾಯಿ ಹೆಕ್ಕುವವರು. ಮೊಣಕಾಲಿನ ತನಕದ ನೀರಿನಲ್ಲಿ ಪಾದದಿಂದಲೇ ತಡವಿ, ಕಾಲಿಗೆ ತಾಗಿದ್ದನ್ನು ಬಗ್ಗಿ ಎತ್ತಿ, ಬೆರಳಿನಲ್ಲಿ ಒಮ್ಮೆ ಹೊರಳಿಸಿ, ಸಣ್ಣದಿದ್ದರೆ ಅಲ್ಲೇ ಬಿಡುತ್ತಾರೆ. ಮಕ್ಕಳನ್ನು ಕರೆತಂದವರು ಇದನ್ನು ಆಟವೆಂದು ತಾವೂ ಹೆಕ್ಕಲು ಇಳಿಯುವುದುಂಟು. ಅದು ಬೇಡ. ಇದು ಅವರ ಅಂದಂದಿನ ದುಡಿಮೆ, ಹೆಕ್ಕುವ ಬದಲು ಅವರಿಂದ ಕೊಳ್ಳಬೇಕು.

ಮಧ್ಯಾಹ್ನ ಕಾಸರಗೋಡು ಪೇಟೆ. ಕುಟುಂಬಶ್ರೀ ಮಹಿಳೆಯರ ಹೋಟೆಲಿನಲ್ಲಿ ಕುಚ್ಚಲಕ್ಕಿ ಊಟ, ಹುರಿದ ಬೂತಾಯಿ. ತರಕಾರಿಯವರಿಗೆ ಪಲ್ಯ, ಸಾಂಬಾರು, ಮಜ್ಜಿಗೆ. ಈ ಕಡೆಯ ಹೋಟೆಲುಗಳಲ್ಲಿ ಊಟದ ಜೊತೆ ಪದಿಮುಗಂ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ಬಿಸಿನೀರು ಇಡುತ್ತಾರೆ. ಸ್ಟೀಲ್ ಬಾಟಲಿ ಕೊಟ್ಟು "ಚೂಡುವೆಳ್ಳಂ" ಎಂದರೆ ತುಂಬಿಸಿಯೂ ಕೊಡುತ್ತಾರೆ. ಕುದಿಸಿದ ನೀರು, ದುಡ್ಡಿಲ್ಲ, ಬಾಟಲಿಯೂ ಇಲ್ಲ. ಹೀಗಿರುವಾಗ ಇಲ್ಲಿ ನೀರಿನ ಬಾಟಲಿ ಕೊಳ್ಳುವುದು ಸೋಮಾರಿತನ ಮಾತ್ರ.

ಬೊಂಡಕ್ಕೆ (ಎಳನೀರಿಗೆ) ಸ್ಟ್ರಾ ಬೇಡ ಎಂದರೆ ಗಾಡಿಯವ ಒಂದು ಕ್ಷಣ ನೋಡಿ, ಬಾಯಿ ಇಡಲು ಆಗುವ ಹಾಗೆ ಓರೆಯಾಗಿ ಕೆತ್ತಿಕೊಟ್ಟ. ಹಿಂದೆ ಬಪ್ಪಂಗಾಯಿ (ಪಪ್ಪಾಯಿ) ಎಲೆಯ ಟೊಳ್ಳು ದಂಟನ್ನೇ ಸ್ಟ್ರಾ ಮಾಡುತ್ತಿದ್ದರು; ತುದಿಯ ಹಾಲು ತೊಳೆದರೆ ಈಗಲೂ ನಡೆಯುತ್ತದೆ. ತೆಂಗಿನ ಸಂಶೋಧನೆ 1916ರಲ್ಲೇ ಶುರುವಾದ ಊರು ಇದು. ಇಲ್ಲಿಯ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾಲಯ ಆ ಹಳೆಯ ಕೇಂದ್ರದಿಂದಲೇ ಬೆಳೆದದ್ದು. ಬಿಸಿಲಿಗೆ ಅಡಿಕೆ ಹಾಳೆಯ ಮುಟ್ಟಾಳೆ ಕೊಂಡರೆ ಬಟ್ಟೆ ಟೋಪಿಗಿಂತ ತಂಪು. ಸವೆದ ಮೇಲೆ ತೆಂಗಿನ ಬುಡಕ್ಕೆ ಹಾಕಿದರಾಯಿತು.

ಕೋಣೆಗೆ ಬಂದಾಗ ಹಸಿರು ಸಮವಸ್ತ್ರದ ಹರಿತ ಕರ್ಮ ಸೇನೆಯ ಇಬ್ಬರು ಮನೆಯಂಗಳದಲ್ಲಿ ಚೀಲ ಬಿಚ್ಚಿ ನೋಡುತ್ತಿದ್ದರು. ಕೊಳೆಯದ ಕಸವನ್ನು ಮನೆಮನೆಯಿಂದ ಶುಲ್ಕ ಪಡೆದು ಒಯ್ಯುವವರು ಇವರೇ. ಒಬ್ಬಾಕೆ ಮೊಸರಿನ ಪ್ಯಾಕೆಟ್ ಒಂದನ್ನು ಎತ್ತಿ ತೋರಿಸಿ, "ತೊಳೆದು ಒಣಗಿಸಿದ್ರೆ ಇದು ಪ್ಲಾಸ್ಟಿಕ್. ಹೀಗೆ ಕೊಟ್ರೆ ನಾತ. ಇದೊಂದು ಇಡೀ ಚೀಲ ಹಾಳು ಮಾಡ್ತದೆ" ಎಂದರು. ಪ್ರವಾಸಿಗಳು ಬಿಟ್ಟುಹೋಗುವುದರಲ್ಲಿ ಅವರಿಗೆ ಹೆಚ್ಚು ತಲೆನೋವು ಚಿಪ್ಸಿನ ಬೆಳ್ಳಿ ಒಳಮೈಯ ಪ್ಯಾಕೆಟ್. ಪದರ ಪದರ ಬೇರೆ ವಸ್ತು ಅಂಟಿಸಿರುವುದರಿಂದ ಮರುಬಳಕೆಗೆ ಬಾರದು. ಕೇರಳದಲ್ಲಿ 2020ರ ಜನವರಿ 1ರಿಂದಲೇ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕಿಗೆ ನಿಷೇಧವಿದೆ, ಆದರೆ ಅದು ಈ ಪ್ಯಾಕೆಟ್ಟುಗಳನ್ನು ತಡೆಯುವುದಿಲ್ಲ. ಪೇಟೆಯಲ್ಲಿ ಬಾಳೆಕಾಯಿ ಚಿಪ್ಸನ್ನು ಕಣ್ಣೆದುರೇ ಕರಿದು ತೂಗಿಕೊಡುವ ಅಂಗಡಿ ಎಷ್ಟು ಬೇಕಷ್ಟಿವೆ. ಡಬ್ಬಿ ಇದ್ದೇ ಇದೆ.

ಮೂರನೆಯ ದಿನ: ಚಂದ್ರಗಿರಿ ದಾಟಿ ಬೇಕಲಕ್ಕೆ

ಚಂದ್ರಗಿರಿ ಸೇತುವೆ ದಾಟಿ ಹೋಗುವ ಬಸ್ಸು ಕರಾವಳಿಯ ಹತ್ತಿರದಲ್ಲೇ ಹೊಸದುರ್ಗದ (ಕಾಞಂಗಾಡಿನ) ಕಡೆ ಓಡುತ್ತದೆ. ಹೊಳೆ ದಾಟಿದ ಮೇಲೆ ಕನ್ನಡದ ಬೋರ್ಡು ಕಡಿಮೆಯಾಗುತ್ತ ಬರುತ್ತದೆ. ಮಾತು ಮಾತ್ರ ಒಂದು ವಾಕ್ಯ ಮಲಯಾಳ, ಒಂದು ತುಳು, ಒಂದು ಕನ್ನಡ ಎಂದು ಹೇಗೋ ಸಾಗುತ್ತದೆ.

ಬೇಕಲ ಕೋಟೆಯ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಇಕ್ಕೇರಿಯ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ್ದು, 40 ಎಕರೆಯ ಮುರಕಲ್ಲಿನ ಕೋಟೆ, ಸಂಜೆ ನಾಲ್ಕರ ನಂತರ ಹೋದರೆ ಕಲ್ಲಿನ ಕಾವು ಇಳಿದಿರುತ್ತದೆ. ಇಷ್ಟು ಸಾಕು. ಅದರ ಬಡಗಿಗೆ ಉದುಮದ ಬಳಿಯ ಕಾಪಿಲ್ ತೀರ ಹೆಚ್ಚು ಶಾಂತ.

ಶಾಂತ ಎಂದಮಾತ್ರಕ್ಕೆ ಈಜಲು ಇಳಿಯುವುದಲ್ಲ. ದಡದಲ್ಲಿ ಐದು ನಿಮಿಷ ನಿಂತು ನೋಡಬೇಕು. ಅಲೆ ಸಾಲಾಗಿ ಬಿಳಿ ನೊರೆಯಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಒಡೆಯದೆ, ಕಪ್ಪಗೆ ನುಣುಪಾಗಿ ಕಂಡರೆ, ಅಲ್ಲಿ ಕೆಸರುಬಣ್ಣದ ನೀರು ಕಡಲಿನ ಕಡೆಗೆ ಹೋಗುತ್ತಿದ್ದರೆ ಅದೇ ಸೆಳೆತ. ಅಲೆಯಿಲ್ಲ ಎಂದು ಜನ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗುವುದಲ್ಲ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಇರುವಲ್ಲಿಗೆ ಬಂದ ಮೇಲೆ ಅಲೆಯ ಜೊತೆ ಒಳಬರಬೇಕು. ಬೇಕಲದ ಪಳ್ಳಿಕ್ಕರೆ ಬೀಚಿನಲ್ಲಿ ಜೀವರಕ್ಷಕರಿದ್ದಾರೆ, ಕಾಪಿಲಿನಲ್ಲಿ ಅವರನ್ನು ನೆಚ್ಚುವಂತಿಲ್ಲ.

ಸಂಜೆ ಬಿಸಿಲಾರುವ ಹೊತ್ತಿಗೆ ಜೋರು ಗಾಳಿ ಬಂದು, ಮರದ ಕೆಳಗೆ ಹರಡಿದ್ದ ಟವೆಲ್ಲು, ಮುಟ್ಟಾಳೆ, ಕಾಗದದ ಪೊಟ್ಟಣ ಎಲ್ಲ ಹಾರಿದವು. ಮುಟ್ಟಾಳೆ ಮಾತ್ರ ಸಿಗಲಿಲ್ಲ, ಹಾಳೆಯಾದ್ದರಿಂದ ಕಡಲಿಗೆ ಸೇರಿದರೂ ಅಡ್ಡಿಯಿಲ್ಲ ಎಂದು ಸಮಾಧಾನ. ಬೇಕಲ್ ಫೋರ್ಟ್ ಎಂಬ ಸಣ್ಣ ಸ್ಟೇಷನ್ನಿನಿಂದ ನೀಲೇಶ್ವರಕ್ಕೆ ಲೋಕಲ್ ಗಾಡಿ.

ನಾಲ್ಕನೆಯ ದಿನ: ತೈಕಡಪ್ಪುರಂ

ನೀಲೇಶ್ವರದ ಪಡುವಣ ಅಂಚಿನ ಈ ತೀರದಲ್ಲಿ ನೈತಲ್ ಎಂಬ ಸ್ಥಳೀಯರ ಬಳಗ ಎರಡು ದಶಕಗಳಿಂದ ಕಡಲಾಮೆಯ ಮೊಟ್ಟೆ ಕಾಯುತ್ತಿದೆ. ಬರುವುದು ಆಲಿವ್ ರಿಡ್ಲೆ ಆಮೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿ ಹುಲಿ, ಆನೆಯ ಜೊತೆಗಿರುವ ಜೀವಿ. ಮೊಟ್ಟೆ ಮುಟ್ಟಿದರೂ ಅಪರಾಧ.

ಹೊಯಿಗೆಯ ಮೇಲೆ ನೆಟ್ ಕಟ್ಟಿದ ಪುಟ್ಟ ಬೇಲಿ, ಒಳಗೆ ಗೂಟ ಹೊಡೆದು ಸಾಲು ಸಾಲು ಗುಳಿ. ಪ್ರತಿ ಗೂಟಕ್ಕೆ ಒಂದು ಚೀಟಿ: ಮೊಟ್ಟೆಯಿಟ್ಟ ತಾರೀಕು, ಸಂಖ್ಯೆ. ಮೇಲೆ ತೆಂಗಿನ ಮಡಲಿನ ನೆರಳು. ಅಲ್ಲಿದ್ದ ತರುಣನೊಬ್ಬ ಕಾಸರಗೋಡಿನಲ್ಲಿ ಓದಿದವ, ಕನ್ನಡ ಸಲೀಸು. "ಇಷ್ಟೊಂದು ನೆರಳು ಯಾಕೆ?" ಎಂದದ್ದಕ್ಕೆ ಅವನು ಕೊಟ್ಟ ವಿವರ ಕೇಳಬೇಕು. ಆಮೆಯ ಮರಿ ಗಂಡೋ ಹೆಣ್ಣೋ ಎನ್ನುವುದನ್ನು ಹೊಯಿಗೆಯ ಬಿಸಿ ತೀರ್ಮಾನಿಸುತ್ತದೆ. ಸುಮಾರು 29–30 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ; ಅದಕ್ಕಿಂತ ಬಿಸಿಯಾದರೆ ಹೆಣ್ಣೇ ಹೆಚ್ಚು, ತಂಪಾದರೆ ಗಂಡೇ ಹೆಚ್ಚು, ತೀರ ಬಿಸಿಯಾದರೆ ಮೊಟ್ಟೆಯೇ ಬೇಯುತ್ತದೆ.

ತಾಯಾಮೆ ಹೊಯಿಗೆಯಲ್ಲಿ ಸುಮಾರು ಮೊಳದುದ್ದ ಆಳಕ್ಕೆ, ಬಾಯಿ ಕಿರಿದು ತಳ ಅಗಲವಾದ ಗುಳಿ ತೋಡಿ ಒಮ್ಮೆಗೆ ನೂರರಷ್ಟು ಮೊಟ್ಟೆ ಇಡುತ್ತದೆ. ನಾಯಿ, ನರಿ ತೋಡದ ಹಾಗೆ, ಅಲೆ ಕೊಚ್ಚದ ಹಾಗೆ ಅದನ್ನು ಇಲ್ಲಿಗೆ ಸಾಗಿಸಬೇಕಾದರೆ ಇಟ್ಟ ಕೆಲವೇ ಗಂಟೆಯೊಳಗೆ ಆಗಬೇಕು. ಆಮೇಲೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಗ ಮೊಟ್ಟೆಯನ್ನು ಹೊರಳಿಸಿದರೆ ಅದು ಸತ್ತಂತೆ. ಆದ್ದರಿಂದ ಒಂದೊಂದನ್ನೂ ಮೇಲಿನ ಬದಿ ಮೇಲಿರುವಂತೆಯೇ ಎತ್ತಿ, ಅಷ್ಟೇ ಆಳದ, ಅದೇ ಆಕಾರದ ಗುಳಿಯಲ್ಲಿ ಇಡುತ್ತಾರೆ. 45ರಿಂದ 60 ದಿನಕ್ಕೆ ಮರಿ. ನಾವು ಹೋದ ದಿನ ಯಾವ ಗುಳಿಗೂ ದಿನ ತುಂಬಿರಲಿಲ್ಲ. "ಮರಿ ನೋಡಲೇಬೇಕು ಅಂತ ಬಂದವರು ಸಿಟ್ಟು ಮಾಡ್ತಾರೆ. ನಾನೇನು ಮಾಡ್ಲಿ ಮಾರಾಯ್ರೆ, ಅದಕ್ಕೆ ಟೈಮ್‌ಟೇಬಲ್ ಇಲ್ಲ" ಎಂದು ಅವನ ಅಳಲು.

ಮರಿ ಹೊರಬರುವುದು ಹೆಚ್ಚಾಗಿ ರಾತ್ರಿ. ಕತ್ತಲಲ್ಲಿ ಕಡಲಿನ ಕಡೆಯ ಬಾನಂಚೇ ಹೆಚ್ಚು ಬೆಳಗಿರುತ್ತದೆ, ಅದನ್ನು ನೋಡಿ ಅವು ನಡೆಯುತ್ತವೆ. ದಡದಲ್ಲಿ ಬಿಳಿ ಎಲ್‌ಇಡಿ ಉರಿಯುತ್ತಿದ್ದರೆ ಅತ್ತ ತಿರುಗಿ ರಸ್ತೆಗೋ ನಾಯಿಯ ಬಾಯಿಗೋ ಹೋಗುತ್ತವೆ. ಬುಕ್ ಮಾಡುವಾಗ ದೀಪದ ಪ್ರಶ್ನೆ ಕೇಳಿದ್ದು ಇದಕ್ಕೇ. ಅಂಗಳದ ದೀಪ ಆರಿಸಲು ಆಗದಿದ್ದರೆ ಕೆಳಮುಖವಾಗಿ ಮರೆ ಕಟ್ಟಬೇಕು. ಹಳದಿ ಕೆಂಪಿನ ಬೆಳಕು ಬಿಳಿಗಿಂತ ವಾಸಿ. ಕೋಣೆಯ ಕಿಟಕಿಗೆ ಪರದೆ. ಮಕ್ಕಳು ಹೊಯಿಗೆಯಲ್ಲಿ ತೋಡಿದ ಗುಳಿಯನ್ನು ಎದ್ದು ಬರುವ ಮೊದಲು ಮುಚ್ಚಿಸಬೇಕು, ಅಂಗೈ ಅಗಲದ ಮರಿ ಅದರಲ್ಲಿ ಬಿದ್ದರೆ ಹತ್ತಲಾರದು. ಹೊಯಿಗೆಯ ಮೇಲೆ ಬೆಂಕಿ ಹಾಕಬಾರದು, ಅಡಿಯಲ್ಲಿ ಯಾರಿಗೂ ಕಾಣದ ಗುಳಿ ಇರಬಹುದು.

ತಾಯಾಮೆಯೇ ಎದುರಾದರೆ? ನಿಂತಲ್ಲೇ ನಿಲ್ಲಬೇಕು, ಟಾರ್ಚು ಆರಿಸಬೇಕು, ಅದರ ಕಣ್ಣಿಗೆ ಬೀಳದಂತೆ ಹಿಂಬದಿಯಲ್ಲಿ ದೂರ ಕೂರಬೇಕು. ತೋಡಿ, ಇಟ್ಟು, ಮುಚ್ಚಿ ಹಿಂದೆ ಹೋಗಲು ಗಂಟೆ ಹಿಡಿಯುತ್ತದೆ. ತೋಡುವ ಮೊದಲೇ ಹೆದರಿದರೆ ಮೊಟ್ಟೆ ಇಡದೆ ಕಡಲಿಗೆ ಮರಳುತ್ತದೆ. ಅದು ಹೋದ ಮೇಲೆ ಅರಣ್ಯ ಇಲಾಖೆಗೋ ಈ ಬಳಗಕ್ಕೋ ತಿಳಿಸಿದರೆ ಸಾಕು. ಮರಿಗಳನ್ನು ಬಿಡುವಾಗಲೂ ಎತ್ತಿ ನೀರಿಗೆ ಹಾಕುವುದಿಲ್ಲ. ಹೊಯಿಗೆಯ ಮೇಲೆ ಕೆಲವು ಮೀಟರ್ ತಾವೇ ನಡೆಯಲು ಬಿಡುತ್ತಾರೆ.

ರಾತ್ರಿ ಊಟಕ್ಕೆ ಪತ್ತಿರಿ ಎಂಬ ಅಕ್ಕಿ ರೊಟ್ಟಿ, ಮೀನಿನ ಸಾರು. ನಿದ್ದೆ ಹತ್ತುವ ಮೊದಲು ಎರಡು ಸಲ ಕರೆಂಟು ಹೋಯಿತು. ತೈಕಡಪ್ಪುರದ ಆಮೆಗಳಿಗೆ ಅದರಿಂದ ಉಪಕಾರವೇ.

ಐದನೆಯ ದಿನ: ವಲಿಯಪರಂಬ, ಪಡನ್ನ

ಒಂದು ಕಡೆ ಕಡಲು, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು. ನಡುವೆ ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ಉದ್ದಕ್ಕೆ ಮಲಗಿದ ಹೊಯಿಗೆಯ ಪಟ್ಟಿ ವಲಿಯಪರಂಬ. ಕೆಲವು ಕಡೆ ಒಂದು ದಡದಲ್ಲಿ ನಿಂತು ಕೂಗಿದರೆ ಇನ್ನೊಂದು ದಡಕ್ಕೆ ಕೇಳುವಷ್ಟು ಸಪೂರ. ನೀಲೇಶ್ವರದ ಕೋಟ್ಟಪ್ಪುರಂನಿಂದ ಹೌಸ್‌ಬೋಟುಗಳೂ ಬರುತ್ತವೆ. ಹತ್ತುವ ಆಸೆಯಿದ್ದರೆ ಕಕ್ಕಸಿನ ಟ್ಯಾಂಕ್ ಎಲ್ಲಿ ಖಾಲಿ ಮಾಡುತ್ತೀರಿ ಎಂದು ಮೊದಲೇ ಕೇಳಿ. ಉತ್ತರ ತಡವರಿಸಿದರೆ ಕಡವಿನ ದೋಣಿಯೇ ಲೇಸು.

ಫೋನಿನಲ್ಲಿ ಹೆಜ್ಜೆ ಅಳೆದ ಅಮ್ಮನ ಮನೆ ಇಲ್ಲಿಯದು. ಬಚ್ಚಲಿನಲ್ಲಿ ಶವರ್ ಇಲ್ಲ, ಬಾಲ್ದಿ, ಚೆಂಬು. ಬಂದವರಲ್ಲಿ ಕೆಲವರು ಮುಖ ಸಿಂಡರಿಸುತ್ತಾರಂತೆ. ಆದರೆ ಇಂಥ ಜಾಗದಲ್ಲಿ ಬಾವಿ ನಿಂತಿರುವ ಬಗೆ ತಿಳಿದರೆ ಯಾರೂ ಶವರ್ ಕೇಳಲಾರರು. ಮಳೆಯ ಸಿಹಿನೀರು ಹೊಯಿಗೆಯಲ್ಲಿ ಇಳಿದು, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತದೆ. ಲೆಕ್ಕ ಹೀಗೆ: ಸಿಹಿನೀರಿನ ಮಟ್ಟ ಕಡಲಿಗಿಂತ ಒಂದು ಮೀಟರ್ ಮೇಲಿದ್ದರೆ, ಕಡಲಮಟ್ಟದಿಂದ ಕೆಳಕ್ಕೆ ಸುಮಾರು 40 ಮೀಟರ್ ಸಿಹಿನೀರು ಇರಬಲ್ಲದು. ಇದೇ ಲೆಕ್ಕ ತಿರುಗಿಯೂ ಬರುತ್ತದೆ. ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದು ಗೇಣು ಇಳಿಸಿದರೆ ಕೆಳಗಿನ ಉಪ್ಪು ಅದರ 40 ಪಾಲು ಮೇಲೇರಲು ಹೊರಡುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಮಳೆಗಾಲ ಕಾಯಬೇಕು, ಕೆಲವೊಮ್ಮೆ ಒಂದು ಮಳೆಗಾಲ ಸಾಲದು. ಶವರಿನಲ್ಲಿ ಹತ್ತು ನಿಮಿಷ ನಿಂತರೆ 80–100 ಲೀಟರ್ ಹೋಗುತ್ತದೆ. ಬಾಲ್ದಿಯಲ್ಲಿ 20 ಲೀಟರಿಗೆ ಮೀಯುವುದು ಮುಗಿಯುತ್ತದೆ. ಕಡಲಲ್ಲಿ ಮಿಂದು ಬಂದವರು ಅಂಗಳದಲ್ಲೇ ಎರಡು ಚೆಂಬು ನೀರಿನಲ್ಲಿ ಕಾಲಿನ ಹೊಯಿಗೆ ತೊಳೆದು ಒಳಗೆ ಬಂದರೆ ಬಚ್ಚಲ ಕೊಳವೆಯೂ ಕಟ್ಟುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಡನ್ನ ಕಡೆಯ ಹಿನ್ನೀರು. ನೀರಿನಲ್ಲಿ ಬಿದಿರಿನ ಚಪ್ಪರ, ಚಪ್ಪರದಿಂದ ಇಳಿಬಿಟ್ಟ ಹಗ್ಗಗಳು. ಇದು ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯ ಕೃಷಿ, ನಮ್ಮ ಕಡೆ ಪಚ್ಚಿಲೆ ಎನ್ನುವುದು ಇದನ್ನೇ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನವನ್ನು 1990ರ ದಶಕದ ಕೊನೆಯಲ್ಲಿ ಇಲ್ಲಿಯ ಮಹಿಳಾ ಸಂಘಗಳು ಕೈಗೆತ್ತಿಕೊಂಡವು.

ದಡದಲ್ಲಿ ನಾಲ್ವರು ಹೆಂಗಸರು ಕೂತು ಹಗ್ಗ ಕಟ್ಟುತ್ತಿದ್ದರು. ಬಿತ್ತನೆ ತಡವಾದ ಒಂದು ಸಾಲಿನ ಕೆಲಸವಂತೆ. ಬಂಡೆಯಿಂದ ತಂದ 15–25 ಮಿ.ಮೀ. ಗಾತ್ರದ ಎಳೆ ಕಲ್ಲುಮ್ಮಕಾಯಿಗಳನ್ನು ತೊಳೆದು, ಮೀಟರುದ್ದದ ಹಗ್ಗದ ಸುತ್ತ ಒತ್ತಾಗಿ ಹರಡಿ, ಮೇಲಿನಿಂದ ತೆಳು ಹತ್ತಿಬಟ್ಟೆ ಸುತ್ತಿ ಹೊಲಿಯುತ್ತಾರೆ. ಹತ್ತಿಯೇ ಏಕೆಂದರೆ ನೀರಿನಲ್ಲಿ ಅದು ಕೆಲವು ದಿನಕ್ಕೆ ಕೊಳೆತು ಬಿದ್ದುಹೋಗುತ್ತದೆ. ಅಷ್ಟರಲ್ಲಿ ಕಾಯಿಗಳು ತಮ್ಮ ನಾರು ಬಿಟ್ಟು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ನೈಲಾನ್ ಬಟ್ಟೆಯಾದರೆ ಕೊಳೆಯದು, ಕಾಯಿ ಬೆಳೆಯಲು ಜಾಗವಿರದು. ಹಗ್ಗದ ಕೆಳತುದಿ ತಳದ ಕೆಸರಿಗೆ ತಾಗಬಾರದು, ತಾಗಿದರೆ ಆ ಭಾಗದ ಕಾಯಿ ಸಾಯುತ್ತದೆ, ಏಡಿಯೂ ಹತ್ತುತ್ತದೆ. ತಿನ್ನಲು ಏನೂ ಹಾಕಬೇಕಾಗಿಲ್ಲ, ಔಷಧಿಯಿಲ್ಲ. ನೀರನ್ನು ಸೋಸಿ ಸಿಕ್ಕಿದ್ದನ್ನು ತಿಂದೇ ಬೆಳೆಯುತ್ತದೆ.

ಆ ಸೋಸುವಿಕೆಯೇ ಇದರ ತೊಂದರೆಯೂ ಹೌದು. ಒಂದೊಂದು ಕಾಯಿ ಗಂಟೆಗೆ ಲೀಟರುಗಟ್ಟಲೆ ನೀರು ಸೋಸುತ್ತದೆ, ಆ ನೀರಿನಲ್ಲಿ ಇದ್ದದ್ದೆಲ್ಲ ಒಳಗೆ ನಿಲ್ಲುತ್ತದೆ. ಹಗ್ಗ ಎತ್ತಿ ತೋರಿಸಿದ ಹಿರಿಯಾಕೆಗೆ ಇದು ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. "ಬೋಟಿನವರು ಬಿಡುವುದು ನಮ್ಮ ಹಗ್ಗಕ್ಕೆ ಬರ್ತದೆ. ನಮ್ಮ ಹಗ್ಗದ್ದು ನಿಮ್ಮ ಬಟ್ಟಲಿಗೆ" ಎಂದು ಅವರ ಮಲಯಾಳವನ್ನು ಜೊತೆಗಿದ್ದ ದೋಣಿಯವರು ಕನ್ನಡಕ್ಕೆ ತಂದರು. ಆಕೆ ಮಾತು ಮುಗಿಸುವ ಮೊದಲೇ ಹಗ್ಗ ಮತ್ತೆ ನೀರಿನೊಳಗಿತ್ತು. ಬಿಸಿಲಿಗೆ ಹೆಚ್ಚು ಹೊತ್ತು ಹಿಡಿಯುವಂತಿಲ್ಲ.

ಕೊಳ್ಳುವಾಗ ಬಾಯಿ ಮುಚ್ಚಿದ ಕಾಯಿಯನ್ನೇ ಆರಿಸಬೇಕು. ಸ್ವಲ್ಪ ತೆರೆದದ್ದನ್ನು ಬೆರಳಿನಿಂದ ತಟ್ಟಿದರೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಸತ್ತದ್ದು, ಬಿಸಾಡಬೇಕು. ಅಮ್ಮ ರಾತ್ರಿ ಅರಿಕ್ಕಡುಕ್ಕ ಮಾಡಿದರು: ನೆನೆಸಿದ ಕುಚ್ಚಲಕ್ಕಿಯನ್ನು ತೆಂಗಿನತುರಿ, ಸಣ್ಣ ಈರುಳ್ಳಿ, ಬಡೇಸೊಪ್ಪಿನ ಜೊತೆ ತರಿಯಾಗಿ ರುಬ್ಬಿ, ಬಿಡಿಸಿದ ಚಿಪ್ಪಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ತೆಗೆದು ಮೆಣಸಿನಪುಡಿಯಲ್ಲಿ ಹೊರಳಿಸಿ ಕಾಯಿಸುವುದು. ಹಿಟ್ಟು ತುಂಬ ನುಣ್ಣಗಾದರೆ ಬೇಯುವಾಗ ಅಂಟಾಗುತ್ತದೆ, ನೀರಾದರೆ ಚಿಪ್ಪಿನಿಂದ ಹೊರಬರುತ್ತದೆ. ಡಬ್ಬಿಯಲ್ಲಿ ದಾರಿಗೂ ನಾಲ್ಕು ಹಾಕಿಕೊಟ್ಟರು.

ವಾಪಸು ಚೆರುವತ್ತೂರಿನಿಂದ ರೈಲು; ಬೆಳಗಿನ ಗಾಡಿಯಾದರೆ ಮಧ್ಯಾಹ್ನದ ಊಟಕ್ಕೆ ಮಂಗಳೂರು. ಕಲ್ಲುಮ್ಮಕಾಯಿಯ ಕೊಯ್ಲು ನೋಡಬೇಕೆನ್ನುವವರು ಏಪ್ರಿಲಿನಿಂದ ಮೇ ಮೊದಲ ಭಾಗದೊಳಗೆ ಹೋಗಬೇಕು. ಬಿತ್ತಿ ಐದಾರು ತಿಂಗಳಿಗೆ ಬೆಳೆ ಬರುತ್ತದೆ; ಮಳೆ ಹಿಡಿದು ಹಿನ್ನೀರಿಗೆ ಸಿಹಿನೀರು ನುಗ್ಗಿದರೆ ಉಪ್ಪು ಇಳಿದು ಹಗ್ಗದಲ್ಲಿದ್ದದ್ದೆಲ್ಲ ಸಾಯುತ್ತದೆ, ಹಾಗಾಗಿ ಅಷ್ಟರೊಳಗೆ ಎಲ್ಲ ಮೇಲೆ ಬರಲೇಬೇಕು. ಆ ಸೆಕೆಯಲ್ಲಿ ಬಾವಿಯ ಮಟ್ಟವೂ ತಳ ಹಿಡಿದಿರುತ್ತದೆ. ಮನೆಗೆ ಇಬ್ಬರಿಗಿಂತ ಹೆಚ್ಚು ಜನರನ್ನು ಆಗ ಸೇರಿಸುವುದಿಲ್ಲ ಎಂದು ಅಮ್ಮ ಮೊದಲೇ ಹೇಳಿದ್ದಾರೆ.